ಕಲಿತ ಕೈಗೆ ಪ್ರಮಾಣಪತ್ರ, ಪ್ರಮಾಣಪತ್ರವುಳ್ಳ ಕೈಗೆ ಕೆಲಸ: ಯುವಜನರ ವೃತ್ತಿ ತರಬೇತಿಯಲ್ಲಿ ಗ್ರಾಮ ಪಂಚಾಯತಿಗಳ ಹೊಣೆ

(ವಿಶ್ವ ಯುವ ಕೌಶಲ್ಯ ದಿನದ ಅಂಗವಾಗಿ ಗ್ರಾಮ ಪಂಚಾಯತಿಗಳ ಚುನಾಯಿತ ಪ್ರತಿನಿಧಿಗಳು, ಅಧಿಕಾರಿಗಳು ಹಾಗೂ ಪ್ರೌಢಶಾಲಾ ಮುಖ್ಯೋಪಾಧ್ಯಾಯರಿಗಾಗಿ ಏರ್ಪಡಿಸಿದ್ದ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪ್ರತಿವರ್ಷ ಜುಲೈ 15ನ್ನು ವಿಶ್ವ ಯುವ ಕೌಶಲ್ಯ ದಿನವನ್ನಾಗಿ ಆಚರಿಸುವ ನಿರ್ಣಯವನ್ನು ವಿಶ್ವಸಂಸ್ಥೆಯ ಮಹಾಸಭೆಯು 2014ರಲ್ಲಿ ಅಂಗೀಕರಿಸಿತು. ನಮ್ಮ ನಾಡಿನ ಗ್ರಾಮಗಳ ಪಾಲಿಗೆ ಈ ದಿನವು ಸಕಾಲದಲ್ಲಿಯೇ ಬರುತ್ತದೆ. ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾಗಿ, ಕೆಲವು ಮಕ್ಕಳು ಪದವಿಪೂರ್ವ ಕಾಲೇಜಿಗೆ ಸೇರಿ, ಉಳಿದವರು ಮುಂದಿನ ದಾರಿ ಯಾವುದೆಂದು ತಿಳಿಯದೆ ಮನೆಯಲ್ಲಿಯೇ ಇರುವ ಕಾಲವಿದು. ಹೀಗೆ ಉಳಿದವರ ಪಟ್ಟಿ ಶಾಲೆಯಲ್ಲಿಯೂ ಇರುವುದಿಲ್ಲ, ಕಾಲೇಜಿನಲ್ಲಿಯೂ ಇರುವುದಿಲ್ಲ. ಅವರನ್ನು ಹೆಸರು ಹಿಡಿದು ಗುರುತಿಸಬಲ್ಲ ಸಂಸ್ಥೆಯೆಂದರೆ ಗ್ರಾಮ ಪಂಚಾಯತಿಯೊಂದೇ. ಆದ್ದರಿಂದ ಕುಶಲ ವೃತ್ತಿಗಳ ತರಬೇತಿಯನ್ನು ಕೇವಲ ಒಂದು ಇಲಾಖೆಯ ಕಾರ್ಯಕ್ರಮವೆಂದು ಬಗೆಯದೆ, ಪಂಚಾಯತಿಯ ಕರ್ತವ್ಯವೆಂದು ಪರಿಗಣಿಸಬೇಕಾದ ಕಾರಣಗಳನ್ನು ಇಲ್ಲಿ ವಿವೇಚಿಸಲಾಗಿದೆ.

ಇಬ್ಬರು ಯುವಕರು, ಎರಡು ಕೊರತೆಗಳು

ಪ್ರತಿಯೊಂದು ಹೋಬಳಿಯಲ್ಲಿಯೂ ಎರಡು ಬಗೆಯ ಯುವಜನರು ಕಾಣಸಿಗುತ್ತಾರೆ. ಮೊದಲನೆಯವರು ಶಾಲೆಯನ್ನು ಅರ್ಧಕ್ಕೆ ಬಿಟ್ಟು ಗ್ಯಾರೇಜು, ವೆಲ್ಡಿಂಗ್ ಶಾಪು, ಮೋಟಾರು ವೈಂಡಿಂಗ್ ಅಂಗಡಿ ಅಥವಾ ಗಾರೆ ಮೇಸ್ತ್ರಿಯ ಬಳಿ ಸೇರಿದವರು. ಐದಾರು ವರ್ಷಗಳಲ್ಲಿ ಅವರ ಕೈ ಪಳಗುತ್ತದೆ. ಆದರೆ ಕಲಿತದ್ದಕ್ಕೆ ಆಧಾರವಾಗಿ ತೋರಿಸಲು ಒಂದು ಕಾಗದವೂ ಇರುವುದಿಲ್ಲ. ಕಾರ್ಖಾನೆಯ ಬಾಗಿಲಿನಲ್ಲಿ ಅವರು ಕೂಲಿಯವರಾಗಿಯೇ ಉಳಿಯುತ್ತಾರೆ; ಬ್ಯಾಂಕಿನಲ್ಲಿ ಸಾಲ ಕೇಳಿದರೆ ಅವರ ಅನುಭವಕ್ಕೆ ಬೆಲೆ ಕಟ್ಟುವವರಿಲ್ಲ.

ಎರಡನೆಯವರು ಕೈಗಾರಿಕಾ ತರಬೇತಿ ಸಂಸ್ಥೆ, ಅಂದರೆ ಐಟಿಐಯಲ್ಲಿ ಓದಿ, ಪರೀಕ್ಷೆ ಮುಗಿಸಿ, ಪ್ರಮಾಣಪತ್ರ ಪಡೆದವರು. ಇವರಲ್ಲಿ ಅನೇಕರು ಪತ್ರವನ್ನು ಕಪಾಟಿನಲ್ಲಿಟ್ಟು ಬೇರಾವುದೋ ಕೆಲಸಕ್ಕೆ ಹೋಗುತ್ತಾರೆ. ತರಬೇತಿ ಮುಗಿದ ಕೂಡಲೇ ನುರಿತವರ ಪಕ್ಕದಲ್ಲಿ ನಿಂತು ದುಡಿಯುವ ಅವಕಾಶ ಅವರಿಗೆ ಸಿಗದಿರುವುದೇ ಇದಕ್ಕೆ ಮುಖ್ಯ ಕಾರಣ. ಉಪಕರಣ ಹಿಡಿಯದೆ ಒಂದೆರಡು ವರ್ಷ ಕಳೆದರೆ ಕಲಿತದ್ದು ಮರೆತುಹೋಗುತ್ತದೆ.

ಮೊದಲನೆಯವರಿಗೆ ಕೈಯಿದೆ, ಪತ್ರವಿಲ್ಲ. ಎರಡನೆಯವರಿಗೆ ಪತ್ರವಿದೆ, ಕೈ ಪಳಗಿಲ್ಲ. ಈ ಎರಡು ಕೊರತೆಗಳನ್ನು ನೀಗಿಸುವ ಕಾನೂನುಗಳೂ ಯೋಜನೆಗಳೂ ಈಗಾಗಲೇ ಇವೆ. ಅವು ಊರಿನವರೆಗೆ ತಲುಪದಿರುವುದು ಮತ್ತು ಊರಿನವರನ್ನು ಅವುಗಳ ಬಳಿಗೆ ಕರೆದೊಯ್ಯುವವರು ಇಲ್ಲದಿರುವುದೇ ನಿಜವಾದ ಸಮಸ್ಯೆ.

ಅರಿವು ಮತ್ತು ಅಭ್ಯಾಸ ಜೊತೆಗಿರಬೇಕಾದ ಅಗತ್ಯ

ಕೃಷಿಕರೆಲ್ಲರಿಗೂ ಪರಿಚಿತವಾದ ಒಂದು ಉದಾಹರಣೆಯನ್ನು ಗಮನಿಸಬಹುದು. ಬೋರ್‌ವೆಲ್‌ನ ಮೋಟಾರು ಸುಟ್ಟಾಗ ಅದನ್ನು ಮೇಲೆತ್ತಿ ವೈಂಡಿಂಗ್ ಅಂಗಡಿಗೆ ಒಯ್ಯಲಾಗುತ್ತದೆ. ನುರಿತ ಕೆಲಸಗಾರನು ಸುಟ್ಟ ತಂತಿಯನ್ನು ಬಿಚ್ಚಿ, ಸುತ್ತುಗಳನ್ನು ಎಣಿಸಿ, ತಂತಿಯ ಗೇಜನ್ನು ಅಳೆದು, ಅದೇ ಅಳತೆಯ ತಂತಿಯನ್ನು ಮತ್ತೆ ಸುತ್ತಿ ಕೂರಿಸುತ್ತಾನೆ. ಇದು ವರ್ಷಗಳ ಅಭ್ಯಾಸದಿಂದ ಮಾತ್ರ ಬರುವ ವಿದ್ಯೆ. ಆದರೆ ಮೋಟಾರು ಸುಟ್ಟದ್ದು ಏಕೆ ಎಂಬ ಪ್ರಶ್ನೆಗೆ ಉತ್ತರ ದೊರೆಯದಿದ್ದರೆ ಅದೇ ಮೋಟಾರು ಕೆಲವೇ ದಿನಗಳಲ್ಲಿ ಮತ್ತೆ ಅಂಗಡಿಗೆ ಬರುತ್ತದೆ.

ಮೂರು ಫೇಸ್‌ಗಳಲ್ಲಿ ಒಂದು ತಪ್ಪಿಹೋದಾಗ, ಓಡುತ್ತಿರುವ ಮೋಟಾರು ಅನೇಕ ವೇಳೆ ತಕ್ಷಣ ನಿಲ್ಲುವುದಿಲ್ಲ. ಉಳಿದ ಎರಡು ಫೇಸ್‌ಗಳಿಂದ ಹೆಚ್ಚಿನ ಕರೆಂಟನ್ನು ಎಳೆದುಕೊಂಡು ಓಡುತ್ತಲೇ ಇರುತ್ತದೆ. ಸುರುಳಿ ಕಾಯುತ್ತದೆ, ತಂತಿಯ ಮೇಲಿನ ನಿರೋಧಕ ಪದರವು ಹಾಳಾಗುತ್ತದೆ, ಕೊನೆಗೆ ಮೋಟಾರು ಸುಡುತ್ತದೆ. ಇದನ್ನು ತಡೆಯಲೆಂದೇ ಸ್ಟಾರ್ಟರ್‌ನಲ್ಲಿ ಓವರ್‌ಲೋಡ್ ರಿಲೇ ಇರುತ್ತದೆ. ಫೇಸ್ ತಪ್ಪಿದರೆ ಮೋಟಾರನ್ನು ನಿಲ್ಲಿಸುವ ಪ್ರತ್ಯೇಕ ಸಾಧನವೂ ಲಭ್ಯವಿದೆ. ರಿಲೇಯನ್ನು ಮೋಟಾರಿನ ಅಳತೆಗೆ ಹೊಂದಿಸದೆ ಬಿಟ್ಟಿದ್ದರೆ, ಅಥವಾ ಪದೇಪದೇ ನಿಲ್ಲುತ್ತದೆಂದು ಅದನ್ನೇ ತಪ್ಪಿಸಿ ತಂತಿ ಜೋಡಿಸಿದ್ದರೆ, ಎಷ್ಟು ಚೆನ್ನಾಗಿ ವೈಂಡಿಂಗ್ ಮಾಡಿದರೂ ಪ್ರಯೋಜನವಿಲ್ಲ. ಕಾರಣವನ್ನು ಬಲ್ಲ ಕುಶಲಕರ್ಮಿಯು ಮೋಟಾರನ್ನು ಮಾತ್ರವಲ್ಲ, ಸ್ಟಾರ್ಟರ್ ಪೆಟ್ಟಿಗೆಯನ್ನೂ ನೋಡಿ ಬರುತ್ತಾನೆ. ರೈತನಿಗೆ ಎರಡನೆಯ ಬಾರಿಯ ಖರ್ಚು ಉಳಿಯುತ್ತದೆ, ಬೆಳೆಗೆ ನೀರು ತಪ್ಪುವುದಿಲ್ಲ.

ಇದರ ಇನ್ನೊಂದು ಮುಖವೂ ಇದೆ. ಫೇಸ್ ತಪ್ಪುವುದರ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಉತ್ತೀರ್ಣನಾದ ಯುವಕನು ಒಂದು ಮೋಟಾರನ್ನೂ ಬಿಚ್ಚಿ ಕಟ್ಟದಿದ್ದರೆ ರೈತನಿಗೆ ಅವನಿಂದ ಉಪಕಾರವಾಗದು. ಐಟಿಐಯ ಫಿಟ್ಟರ್ ವಿಭಾಗದಲ್ಲಿ ಆರಂಭದ ದಿನಗಳಲ್ಲಿ ಕಬ್ಬಿಣದ ತುಂಡನ್ನು ಅರದಿಂದ ಉಜ್ಜಿ, ಮೂಲೆಮಟ್ಟವಿಟ್ಟು ನೋಡಿ, ಬೆಳಕು ನುಸುಳದಂತೆ ಸಮ ಮಾಡುವ ಅಭ್ಯಾಸವನ್ನು ಮಾಡಿಸುತ್ತಾರೆ. ಮೇಲ್ನೋಟಕ್ಕೆ ಇದು ಬೇಸರದ ಕೆಲಸ. ಆದರೆ ಕಣ್ಣು, ಕೈ ಮತ್ತು ಅಳತೆ ಒಂದಕ್ಕೊಂದು ಹೊಂದಿಕೊಳ್ಳುವುದು ಇಂತಹ ಅಭ್ಯಾಸದಿಂದಲೇ. ಈ ತಾಳ್ಮೆ ಬಾರದವನಿಗೆ ಮುಂದೆ ಕಂಪ್ಯೂಟರ್ ನಿಯಂತ್ರಿತ ಯಂತ್ರವನ್ನು ಕೊಟ್ಟರೂ ಅದು ಕೊಡುವ ಅಳತೆ ಸರಿಯೋ ತಪ್ಪೋ ಎಂಬುದು ತಿಳಿಯದು.

ಅರಿವಿಲ್ಲದ ದುಡಿಮೆಯು ಜೀವಕ್ಕೂ ಅಪಾಯಕಾರಿ. ವೆಲ್ಡಿಂಗ್ ಬೆಳಕನ್ನು ರಕ್ಷಣಾ ಗಾಜಿಲ್ಲದೆ ನೋಡಿದವರ ಕಣ್ಣು ಆ ಕ್ಷಣದಲ್ಲಿ ನೋಯುವುದಿಲ್ಲ. ಕೆಲವು ಗಂಟೆಗಳ ನಂತರ ಮರಳು ಬಿದ್ದಂತೆ ಉರಿಯತೊಡಗುತ್ತದೆ. ಅರ್ತಿಂಗ್ ಇಲ್ಲದ ಮನೆಯಲ್ಲಿ ನೀರು ಕಾಯಿಸುವ ಸಾಧನವೇ ಪ್ರಾಣಕ್ಕೆ ಎರವಾಗಬಹುದು. ಕರೆಂಟು ಹೋದಾಗ ವಿದ್ಯುತ್ ಕಂಪನಿಯ ಸಿಬ್ಬಂದಿ ಬರುವವರೆಗೆ ಕಾಯದೆ, ಸ್ವಲ್ಪ ಕೆಲಸ ಬಲ್ಲ ಊರಿನ ಹುಡುಗನನ್ನು ಕಂಬಕ್ಕೆ ಹತ್ತಿಸುವ ರೂಢಿ ಕೆಲವೆಡೆ ಇನ್ನೂ ಇದೆ. ಆ ಕೆಲಸವು ಕಂಪನಿಯ ಅಧಿಕೃತ ಸಿಬ್ಬಂದಿಗೆ ಸೇರಿದ್ದು. ಹುಡುಗನ ಧೈರ್ಯವನ್ನು ಹೊಗಳಿ ಕಂಬ ಹತ್ತಿಸುವ ಊರು, ಅನಾಹುತವಾದರೆ ಅವನ ತಂದೆ ತಾಯಿಗೆ ಉತ್ತರ ಹೇಳಲಾರದು. ತರಬೇತಿಯಲ್ಲಿ ಮೊದಲು ಕಲಿಸುವ ಪಾಠವೇ ಸುರಕ್ಷತೆಯದು ಎಂಬುದನ್ನು ಪೋಷಕರಿಗೆ ತಿಳಿಹೇಳುವುದು ಅವಶ್ಯ.

ಐಟಿಐ: ಕುಲಕಸುಬಿನಿಂದ ಕಲಿತ ಕಸುಬಿನತ್ತ

ಕರ್ನಾಟಕದಲ್ಲಿ ವೃತ್ತಿಶಿಕ್ಷಣದ ಚಿಂತನೆ ಹೊಸತಲ್ಲ. ಬೆಂಗಳೂರಿನಲ್ಲಿ 1943ರಲ್ಲಿ ಸ್ಥಾಪನೆಗೊಂಡ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಶಿಕ್ಷಣ ಸಂಸ್ಥೆಯ ಹಿಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಶ್ರಮವಿತ್ತು. ಸ್ವಾತಂತ್ರ್ಯಾನಂತರ 1950ರಲ್ಲಿ ಭಾರತ ಸರ್ಕಾರವು ಕುಶಲಕರ್ಮಿ ತರಬೇತಿ ಯೋಜನೆಯನ್ನು ಆರಂಭಿಸಿತು. ಇಂದಿನ ಐಟಿಐಗಳು ನಡೆಯುತ್ತಿರುವುದು ಆ ಯೋಜನೆಯ ಅಡಿಯಲ್ಲಿಯೇ. ಡೆನ್ಮಾರ್ಕ್ ಸರ್ಕಾರದ ಸಹಯೋಗದೊಂದಿಗೆ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಇಂದು ರಾಜ್ಯದ ಹಲವು ಜಿಲ್ಲೆಗಳಲ್ಲಿ ಶಾಖೆಗಳನ್ನು ಹೊಂದಿದೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ ಆಧುನಿಕ ಯಂತ್ರೋಪಕರಣಗಳೊಂದಿಗೆ ಉನ್ನತೀಕರಿಸಿ 2022ರಲ್ಲಿ ಲೋಕಾರ್ಪಣೆ ಮಾಡಲಾಯಿತು.

ಈ ವ್ಯವಸ್ಥೆಯ ಸಾಮಾಜಿಕ ಮಹತ್ವವನ್ನೂ ಮರೆಯಬಾರದು. ಹಿಂದೆ ಕಮ್ಮಾರನ ಮಗ ಕಮ್ಮಾರನಾಗುತ್ತಿದ್ದ, ಬಡಗಿಯ ಮಗ ಬಡಗಿಯಾಗುತ್ತಿದ್ದ. ಕಸುಬು ಹುಟ್ಟಿನೊಂದಿಗೆ ಬರುತ್ತಿತ್ತು. ಬೇರೆ ಮನೆಯಲ್ಲಿ ಹುಟ್ಟಿದವನಿಗೆ ಅದರ ಗುಟ್ಟು ಸಿಗುತ್ತಿರಲಿಲ್ಲ. ಐಟಿಐಯ ಬಾಗಿಲಲ್ಲಿ ಕೇಳುವುದು ವಿದ್ಯಾರ್ಹತೆಯನ್ನು ಮತ್ತು ವಯಸ್ಸನ್ನು. ಯಾವ ಮನೆಯ ಮಗುವಾದರೂ ಯಾವ ಕಸುಬನ್ನಾದರೂ ಕಲಿಯಬಹುದು. ಹನ್ನೆರಡನೆಯ ಶತಮಾನದ ಶರಣರು ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮಡಿವಾಳ ಮಾಚಿದೇವ, ಹಡಪದ ಅಪ್ಪಣ್ಣ ಎಂದು ತಮ್ಮ ಕಾಯಕವನ್ನೇ ಹೆಸರಿನ ಮೊದಲಿಗಿಟ್ಟುಕೊಂಡು ಗೌರವ ಪಡೆದ ನಾಡಿದು. ಇಂತಹ ನಾಡಿನಲ್ಲಿ "ಮಗ ಐಟಿಐಗೆ ಹೋದ" ಎಂದು ಹೇಳಲು ಪೋಷಕರು ಹಿಂಜರಿಯುವುದು ವಿಷಾದದ ಸಂಗತಿ. ಕಡಿಮೆ ಅಂಕ ಬಂದವರಿಗೆ ಉಳಿದ ಕೊನೆಯ ದಾರಿಯೆಂಬ ಭಾವನೆ ಅಳಿದು, ಕೈಯಲ್ಲಿ ಯೋಚಿಸುವ ಮಕ್ಕಳ ಮೊದಲ ಆಯ್ಕೆಯೆಂಬ ಭಾವನೆ ಬೆಳೆಯಬೇಕು.

ಪೋಷಕರಿಗೆ ಖಚಿತವಾಗಿ ತಿಳಿಸಬೇಕಾದ ಕೆಲವು ಅಂಶಗಳಿವೆ. ಫಿಟ್ಟರ್, ಎಲೆಕ್ಟ್ರಿಷಿಯನ್, ಟರ್ನರ್, ಮೆಷಿನಿಸ್ಟ್ ಮೊದಲಾದವು ಎರಡು ವರ್ಷಗಳ ವೃತ್ತಿಗಳು. ಇವುಗಳಿಗೆ ಹತ್ತನೆಯ ತರಗತಿ ತೇರ್ಗಡೆಯಾಗಿರಬೇಕು. ವೆಲ್ಡರ್, ಪ್ಲಂಬರ್, ಕಾರ್ಪೆಂಟರ್ ಒಂದು ವರ್ಷದ ವೃತ್ತಿಗಳು. ಇವುಗಳಿಗೆ ಎಂಟನೆಯ ತರಗತಿ ಪೂರೈಸಿದವರೂ ಅರ್ಹರು. ಆದ್ದರಿಂದ ಎಸ್.ಎಸ್.ಎಲ್.ಸಿ.ಯಲ್ಲಿ ಅನುತ್ತೀರ್ಣರಾದ ಮಗುವಿಗೆ ಎಲ್ಲ ಬಾಗಿಲುಗಳೂ ಮುಚ್ಚಿದವೆಂದು ಭಾವಿಸಬೇಕಾಗಿಲ್ಲ. ಅಖಿಲ ಭಾರತ ವೃತ್ತಿ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ದೊರೆಯುವ ರಾಷ್ಟ್ರೀಯ ವೃತ್ತಿ ಪ್ರಮಾಣಪತ್ರಕ್ಕೆ ದೇಶದಾದ್ಯಂತ ಮಾನ್ಯತೆಯಿದೆ. ಎಸ್.ಎಸ್.ಎಲ್.ಸಿ. ನಂತರ ಎರಡು ವರ್ಷಗಳ ಐಟಿಐ ಮುಗಿಸಿದವರು ನಿಯಮಗಳಿಗೆ ಒಳಪಟ್ಟು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಹೀಗಾಗಿ ಐಟಿಐ ಸೇರಿದರೆ ಮುಂದಿನ ಓದು ನಿಂತಂತೆಯೇ ಎಂಬ ಮಾತು ಸರಿಯಲ್ಲ.

ಸಂಸ್ಥೆಯನ್ನು ಆಯ್ಕೆ ಮಾಡುವಾಗಲೂ ಎಚ್ಚರ ಬೇಕು. ಕಟ್ಟಡದ ಅಂದ ಅಥವಾ ಪ್ರಚಾರದ ಫಲಕ ಮುಖ್ಯವಲ್ಲ. ಆಯಾ ವೃತ್ತಿಗೆ ಮಾನ್ಯತೆ ಇದೆಯೇ, ಕಾರ್ಯಾಗಾರದಲ್ಲಿ ಯಂತ್ರಗಳು ಓಡುತ್ತಿವೆಯೇ ಅಥವಾ ಧೂಳು ಹಿಡಿದಿವೆಯೇ, ಬೋಧಕರ ಹುದ್ದೆಗಳು ತುಂಬಿವೆಯೇ, ಕಳೆದ ವರ್ಷ ತೇರ್ಗಡೆಯಾದವರು ಈಗ ಎಲ್ಲಿದ್ದಾರೆ ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು. ಮಗುವಿನೊಂದಿಗೆ ಒಂದು ದಿನ ಹೋಗಿ ಕಾರ್ಯಾಗಾರವನ್ನು ನೋಡಿಬರುವುದಕ್ಕಿಂತ ಉತ್ತಮವಾದ ಮಾಹಿತಿ ಬೇರೆಲ್ಲಿಯೂ ದೊರೆಯದು.

ಅಪ್ರೆಂಟಿಸ್‌ಶಿಪ್: ತಪ್ಪಿಹೋಗುತ್ತಿರುವ ಕೊಂಡಿ

ಪತ್ರವುಳ್ಳ ಯುವಜನರ ಕೈ ಪಳಗಲು ಇರುವ ರಾಜಮಾರ್ಗವೇ ಅಪ್ರೆಂಟಿಸ್‌ಶಿಪ್. ಇದಕ್ಕಾಗಿ 1961ರಲ್ಲಿಯೇ ಕಾಯ್ದೆ ರೂಪುಗೊಂಡಿದೆ. 2019ರ ನಿಯಮ ತಿದ್ದುಪಡಿಯಂತೆ 30 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವ ಸಂಸ್ಥೆಗಳು ತಮ್ಮ ಸಿಬ್ಬಂದಿಯ ಶೇ. 2.5ರಿಂದ ಶೇ. 15ರವರೆಗಿನ ಸಂಖ್ಯೆಯಲ್ಲಿ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. 4ರಿಂದ 29 ಸಿಬ್ಬಂದಿಯಿರುವ ಸಂಸ್ಥೆಗಳಿಗೆ ಇದು ಐಚ್ಛಿಕ. ಅದೇ ತಿದ್ದುಪಡಿಯಲ್ಲಿ ಕನಿಷ್ಠ ಮಾಸಿಕ ಶಿಷ್ಯವೇತನವನ್ನು ವಿದ್ಯಾರ್ಹತೆಗೆ ಅನುಗುಣವಾಗಿ 5,000 ರೂಪಾಯಿಗಳಿಂದ 9,000 ರೂಪಾಯಿಗಳವರೆಗೆ ನಿಗದಿಪಡಿಸಲಾಯಿತು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಡಿ ಶಿಷ್ಯವೇತನದ ಒಂದು ಭಾಗವನ್ನು ಕೇಂದ್ರ ಸರ್ಕಾರವೇ ಭರಿಸುತ್ತದೆ.

ಹುಬ್ಬಳ್ಳಿ ಮತ್ತು ಮೈಸೂರಿನ ರೈಲ್ವೆ ಕಾರ್ಯಾಗಾರಗಳು, ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳು, ರಸ್ತೆ ಸಾರಿಗೆ ನಿಗಮಗಳು ಅಪ್ರೆಂಟಿಸ್‌ಗಳನ್ನು ಆಯ್ಕೆ ಮಾಡಿಕೊಳ್ಳುವುದು ಬಹುಜನರಿಗೆ ತಿಳಿದಿದೆ. ಐಚ್ಛಿಕ ಅವಕಾಶದ ಸಂಗತಿಯು ಅಷ್ಟಾಗಿ ತಿಳಿದಿಲ್ಲ. ನಾಲ್ಕು ಜನ ಸಿಬ್ಬಂದಿಯಿರುವ ತಾಲ್ಲೂಕು ಕೇಂದ್ರದ ಟ್ರ್ಯಾಕ್ಟರ್ ರಿಪೇರಿ ಕೇಂದ್ರವೋ ಫ್ಯಾಬ್ರಿಕೇಶನ್ ಘಟಕವೋ ಕೂಡ ನೋಂದಾಯಿಸಿಕೊಂಡು ಅಪ್ರೆಂಟಿಸ್ ಒಬ್ಬರಿಗೆ ಕಲಿಸಬಹುದು. ಮನೆಯಿಂದಲೇ ಓಡಾಡಬಲ್ಲ ದೂರದಲ್ಲಿ ಇಂತಹ ಅವಕಾಶ ಸಿಕ್ಕರೆ ಯುವಕನಿಗೂ ಕುಟುಂಬಕ್ಕೂ ಅನುಕೂಲ.

ಏಕೆಂದರೆ ದೂರದ ನಗರದಲ್ಲಿ ಅಪ್ರೆಂಟಿಸ್ ಆಗುವುದು ಬಡ ಕುಟುಂಬಕ್ಕೆ ಸುಲಭವಲ್ಲ. ಕೋಣೆಯ ಬಾಡಿಗೆ, ಊಟ, ಓಡಾಟದ ಖರ್ಚು ಕಳೆದರೆ ಶಿಷ್ಯವೇತನದಲ್ಲಿ ಮನೆಗೆ ಕಳುಹಿಸಲು ಏನೂ ಉಳಿಯುವುದಿಲ್ಲ. ಅದೇ ಯುವಕ ಗಾರೆ ಕೆಲಸಕ್ಕೋ ಸಾಮಾನು ತಲುಪಿಸುವ ಕೆಲಸಕ್ಕೋ ಹೋದರೆ ಮೊದಲ ತಿಂಗಳಿನಿಂದಲೇ ಹೆಚ್ಚು ಹಣ ಕಾಣಬಹುದು. ಈ ಲೆಕ್ಕಾಚಾರದಿಂದಾಗಿಯೇ ಅನೇಕರು ಅಪ್ರೆಂಟಿಸ್‌ಶಿಪ್‌ನ್ನು ಅರ್ಧಕ್ಕೆ ಬಿಡುತ್ತಾರೆ. ಅವರನ್ನು ದೂಷಿಸುವುದರಿಂದ ಪ್ರಯೋಜನವಿಲ್ಲ. ಈ ಅವಧಿಯು ದುಡಿಮೆಯದಲ್ಲ, ಕಲಿಕೆಯದು. ಇದರ ಫಲವು ನಂತರದ ವರ್ಷಗಳಲ್ಲಿ ದೊರೆಯುತ್ತದೆ ಎಂಬುದನ್ನು ಕುಟುಂಬಕ್ಕೆ ಮೊದಲೇ ತಿಳಿಸಬೇಕು. ಒಂದೇ ಊರಿನ ನಾಲ್ವರು ಒಟ್ಟಿಗೆ ಹೋಗಿ ಒಂದೇ ಕೋಣೆಯಲ್ಲಿ ಉಳಿಯುವಂತೆ ವ್ಯವಸ್ಥೆ ಮಾಡಿದರೆ ಖರ್ಚೂ ತಗ್ಗುತ್ತದೆ, ಧೈರ್ಯವೂ ಇರುತ್ತದೆ.

ಅಪ್ರೆಂಟಿಸ್ ತನ್ನ ಹಕ್ಕುಗಳನ್ನೂ ಅರಿತಿರಬೇಕು. ತರಬೇತಿಗೆ ಲಿಖಿತ ಒಪ್ಪಂದವಿರಬೇಕು ಮತ್ತು ಅದು ನೋಂದಣಿಯಾಗಬೇಕು. ಕೆಲಸದ ವೇಳೆ ಅಪಘಾತವಾದರೆ ಪರಿಹಾರ ಪಡೆಯಲು ಕಾಯ್ದೆಯಲ್ಲಿ ಅವಕಾಶವಿದೆ. ಅಪ್ರೆಂಟಿಸ್‌ಶಿಪ್ ಮುಗಿದ ಮೇಲೆ ಅದೇ ಸಂಸ್ಥೆಯಲ್ಲಿ ನೌಕರಿ ಸಿಗುವುದೆಂಬ ಖಾತರಿಯನ್ನು ಮಾತ್ರ ಕಾಯ್ದೆ ನೀಡುವುದಿಲ್ಲ. ಅಂತಹ ಭರವಸೆಯನ್ನು ಯಾರೂ ನೀಡಕೂಡದು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನೂ, ಹದಿನಾಲ್ಕರಿಂದ ಹದಿನೆಂಟು ವರ್ಷದೊಳಗಿನವರನ್ನು ಅಪಾಯಕಾರಿ ಕೆಲಸಗಳಿಗೆ ಹಚ್ಚುವುದನ್ನೂ ಕಾನೂನು ನಿಷೇಧಿಸಿದೆ. "ಕೆಲಸ ಕಲಿಸುತ್ತಿದ್ದೇವೆ" ಎಂಬ ಹೆಸರಿನಲ್ಲಿ ಮಕ್ಕಳನ್ನು ಗ್ಯಾರೇಜಿನಲ್ಲಿ ದುಡಿಸಿಕೊಳ್ಳುವುದು ತರಬೇತಿಯಲ್ಲ, ಶೋಷಣೆ. ಈ ಎರಡರ ನಡುವಿನ ಗೆರೆಯನ್ನು ಪಂಚಾಯತಿಯು ಸ್ಪಷ್ಟವಾಗಿ ಎಳೆಯಬೇಕು.

ಕೈ ಪಳಗಿದವರಿಗೆ ಮಾನ್ಯತೆ

ಈಗ ಮೊದಲನೆಯ ಬಗೆಯ ಯುವಜನರ ವಿಷಯ. ಕೆಲಸ ಬಲ್ಲವರನ್ನು ಮತ್ತೆ ತರಗತಿಯಲ್ಲಿ ಎರಡು ವರ್ಷ ಕೂರಿಸುವುದು ಕಾರ್ಯಸಾಧುವಲ್ಲ. ಅವರಿಗಾಗಿ ಪೂರ್ವಕಲಿಕೆಯ ಮಾನ್ಯತೆ ಎಂಬ ವ್ಯವಸ್ಥೆಯಿದೆ. ಇದರಲ್ಲಿ ಈಗಾಗಲೇ ಇರುವ ಕೌಶಲ್ಯವನ್ನು ಪರೀಕ್ಷಿಸಿ, ಕೊರತೆಯಿದ್ದಲ್ಲಿ ಅಲ್ಪಾವಧಿಯ ತರಬೇತಿ ನೀಡಿ, ಪ್ರಮಾಣಪತ್ರ ಕೊಡಲಾಗುತ್ತದೆ. ನಿಗದಿತ ಅನುಭವವುಳ್ಳವರು ನಿಯಮಗಳಿಗೆ ಒಳಪಟ್ಟು ಅಖಿಲ ಭಾರತ ವೃತ್ತಿ ಪರೀಕ್ಷೆಗೆ ಖಾಸಗಿ ಅಭ್ಯರ್ಥಿಗಳಾಗಿ ಹಾಜರಾಗುವ ಅವಕಾಶವೂ ಇದೆ.

ಸಾಂಪ್ರದಾಯಿಕ ಕುಶಲಕರ್ಮಿಗಳಿಗಾಗಿ 2023ರ ಸೆಪ್ಟೆಂಬರ್ 17ರಂದು ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ ಆರಂಭವಾಯಿತು. ಬಡಗಿ, ಕಮ್ಮಾರ, ಕುಂಬಾರ, ಶಿಲ್ಪಿ, ಗಾರೆ ಕೆಲಸಗಾರ, ದರ್ಜಿ, ಬುಟ್ಟಿ ಹೆಣೆಯುವವರು ಸೇರಿದಂತೆ 18 ವೃತ್ತಿಗಳು ಇದರ ವ್ಯಾಪ್ತಿಯಲ್ಲಿವೆ. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿವರೆಗಿನ ನೆರವು, ಶೇ. 5ರ ಬಡ್ಡಿಯಲ್ಲಿ ಮೊದಲ ಹಂತದಲ್ಲಿ 1 ಲಕ್ಷ ಹಾಗೂ ಎರಡನೆಯ ಹಂತದಲ್ಲಿ 2 ಲಕ್ಷ ರೂಪಾಯಿವರೆಗೆ ಸಾಲ ಈ ಯೋಜನೆಯಲ್ಲಿ ಅಡಕವಾಗಿವೆ. ಗ್ರಾಮೀಣ ಅರ್ಜಿಗಳ ಮೊದಲ ಹಂತದ ಪರಿಶೀಲನೆ ನಡೆಯುವುದು ಗ್ರಾಮ ಪಂಚಾಯತಿಯಲ್ಲಿಯೇ. ನಿಜವಾಗಿ ಉಳಿ ಸುತ್ತಿಗೆ ಹಿಡಿದವನ ಅರ್ಜಿ ಹಿಂದೆ ಬಿದ್ದು, ಉಪಕರಣದ ನೆರವಿಗಷ್ಟೇ ಹೆಸರು ಬರೆಸಿದವರ ಅರ್ಜಿ ಮುಂದೆ ಹೋದರೆ, ಆ ತಪ್ಪಿನ ಹೊಣೆ ಬೇರೆ ಯಾರ ಮೇಲೂ ಹಾಕುವಂತಿಲ್ಲ. ಊರಿನಲ್ಲಿ ಯಾರು ಬಡಗಿ, ಯಾರು ಅಲ್ಲ ಎಂಬುದು ಪಂಚಾಯತಿ ಸದಸ್ಯರಿಗೆ ತಿಳಿದಿರುವಷ್ಟು ಜಿಲ್ಲಾ ಕೇಂದ್ರದ ಅಧಿಕಾರಿಗೆ ತಿಳಿಯದು.

ಸ್ವಂತ ಅಂಗಡಿ ತೆರೆಯಬಯಸುವವರಿಗೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿವೆ. ಇವುಗಳ ಮೂಲಮಾದರಿ ಕನ್ನಡ ನಾಡಿನದೇ ಎಂಬುದು ಹೆಮ್ಮೆಯ ವಿಷಯ. 1982ರಲ್ಲಿ ಉಜಿರೆಯಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್‌ಗಳ ಸಹಯೋಗದಿಂದ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಪ್ರಯೋಗವು ಯಶಸ್ವಿಯಾದುದನ್ನು ಕಂಡು, ಜಿಲ್ಲೆಗೊಂದರಂತೆ ಇಂತಹ ಸಂಸ್ಥೆಗಳನ್ನು ಸ್ಥಾಪಿಸುವ ಕಾರ್ಯವನ್ನು ಕೇಂದ್ರ ಸರ್ಕಾರ ಕೈಗೊಂಡಿತು. ಪಂಪ್‌ಸೆಟ್ ದುರಸ್ತಿ, ಮನೆ ವೈರಿಂಗ್, ದ್ವಿಚಕ್ರ ವಾಹನ ದುರಸ್ತಿ, ಮೊಬೈಲ್ ದುರಸ್ತಿ, ಹೊಲಿಗೆ ಮೊದಲಾದ ತರಬೇತಿಗಳನ್ನು ಊಟ, ವಸತಿಯೊಂದಿಗೆ ಉಚಿತವಾಗಿ ನೀಡಲಾಗುತ್ತದೆ. ತರಬೇತಿ ಮುಗಿದ ನಂತರವೂ ಅಭ್ಯರ್ಥಿಯನ್ನು ಸಂಪರ್ಕದಲ್ಲಿಟ್ಟುಕೊಂಡು, ಬ್ಯಾಂಕ್ ಸಾಲ ಪಡೆಯಲು ಮತ್ತು ಉದ್ಯೋಗ ಆರಂಭಿಸಲು ನೆರವಾಗುವುದು ಈ ಸಂಸ್ಥೆಗಳ ವಿಶೇಷ.

ಹೆಣ್ಣುಮಕ್ಕಳ ಪಾಲು

ಹೆಣ್ಣುಮಕ್ಕಳಿಗೆ ತರಬೇತಿ ಎಂದೊಡನೆ ಹೊಲಿಗೆ ಯಂತ್ರವೊಂದೇ ನೆನಪಾಗುವುದು ಸರಿಯಲ್ಲ. ಹೊಲಿಗೆ ಗೌರವದ ಕಸುಬೇ. ಆದರೆ ಒಂದೇ ಊರಿನಲ್ಲಿ ಇಪ್ಪತ್ತು ಮಂದಿಗೆ ಹೊಲಿಗೆ ಕಲಿಸಿದರೆ ಇಪ್ಪತ್ತು ಮಂದಿಗೂ ಸಾಲುವಷ್ಟು ಬಟ್ಟೆ ಆ ಊರಿನಲ್ಲಿ ಇರುವುದಿಲ್ಲ. ಎಲೆಕ್ಟ್ರಿಷಿಯನ್, ಎಲೆಕ್ಟ್ರಾನಿಕ್ಸ್, ಯಂತ್ರ ನಿರ್ವಹಣೆ, ನೀರಿನ ಗುಣಮಟ್ಟದ ಪರೀಕ್ಷೆ, ಸೌರ ವಿದ್ಯುತ್ ಉಪಕರಣಗಳ ನಿರ್ವಹಣೆ ಮೊದಲಾದ ಕೆಲಸಗಳಲ್ಲಿ ಬೇಕಾದುದು ನಿಖರತೆ ಮತ್ತು ತಾಳ್ಮೆ. ಮನೆಯಲ್ಲಿ ಗಂಡಸರು ಇಲ್ಲದ ವೇಳೆ ನಲ್ಲಿಯನ್ನೋ ಮಿಕ್ಸಿಯನ್ನೋ ರಿಪೇರಿ ಮಾಡಲು ಮಹಿಳಾ ಕುಶಲಕರ್ಮಿ ಬಂದರೆ ಮನೆಯವರಿಗೂ ನೆಮ್ಮದಿ.

ಹೆಣ್ಣುಮಕ್ಕಳು ತರಬೇತಿಯನ್ನು ನಡುವೆ ಬಿಡುವುದಕ್ಕೆ ಕಾರಣ ಅನೇಕ ಬಾರಿ ತೀರಾ ಸಣ್ಣದಾಗಿರುತ್ತದೆ. ಸಂಜೆ ಮನೆಗೆ ಮರಳಲು ಬಸ್ಸಿಲ್ಲದಿರುವುದು, ಕಾರ್ಯಾಗಾರದಲ್ಲಿ ಪ್ರತ್ಯೇಕ ಶೌಚಾಲಯವಿಲ್ಲದಿರುವುದು, ತಂಡದಲ್ಲಿ ಒಬ್ಬಳೇ ಇರುವುದು ಇಂತಹ ಕಾರಣಗಳು. ಬಸ್ಸಿನ ವೇಳಾಪಟ್ಟಿಗಾಗಿ ಸಾರಿಗೆ ಘಟಕಕ್ಕೆ ಮನವಿ ಸಲ್ಲಿಸುವುದು, ಸಂಸ್ಥೆಯೊಂದಿಗೆ ಮಾತನಾಡುವುದು, ಒಂದೇ ಊರಿನ ಇಬ್ಬರು ಮೂವರನ್ನು ಜೊತೆಯಾಗಿ ಸೇರಿಸುವುದು ಪಂಚಾಯತಿಯ ಶಕ್ತಿಗೆ ಮೀರಿದ ಕೆಲಸಗಳಲ್ಲ.

ಗ್ರಾಮ ಪಂಚಾಯತಿ ಮಾಡಬಹುದಾದ ಕಾರ್ಯಗಳು

ಮೊದಲನೆಯದಾಗಿ, ಪ್ರತಿಯೊಂದು ಗ್ರಾಮ ಪಂಚಾಯತಿಯು ಎರಡು ವಹಿಗಳನ್ನು ಇಡಬೇಕು. ಒಂದರಲ್ಲಿ ಶಾಲೆ ಬಿಟ್ಟ, ಅನುತ್ತೀರ್ಣರಾದ ಹಾಗೂ ಐಟಿಐ ಮುಗಿಸಿ ಕೆಲಸವಿಲ್ಲದೆ ಇರುವ ಯುವಜನರ ಹೆಸರು. ಇನ್ನೊಂದರಲ್ಲಿ ಪಂಚಾಯತಿ ವ್ಯಾಪ್ತಿಯಲ್ಲಿ ಹಾಗೂ ಸಮೀಪದ ಪಟ್ಟಣದಲ್ಲಿ ಕೆಲಸ ಕಲಿಸಬಲ್ಲ ನುರಿತ ಕುಶಲಕರ್ಮಿಗಳು, ಕಾರ್ಯಾಗಾರಗಳು ಮತ್ತು ಕಾರ್ಖಾನೆಗಳ ಹೆಸರು. ಈ ಎರಡು ವಹಿಗಳನ್ನು ಎದುರುಬದುರು ಇಟ್ಟು ನೋಡಿದರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯದಾಗಿ, ಊರಿನಲ್ಲಿ ಯಾವ ಕೆಲಸಕ್ಕೆ ಜನ ಬೇಕೆಂಬುದನ್ನು ತಿಳಿದು ತರಬೇತಿಯನ್ನು ಆಯ್ಕೆ ಮಾಡಬೇಕು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್‌ನಡಿ ಮನೆಮನೆಗೆ ನಲ್ಲಿ ಬಂದಿದೆ. ನಲ್ಲಿ ಹಾಕಿದ ಗುತ್ತಿಗೆದಾರರು ಹೊರಟುಹೋಗುತ್ತಾರೆ. ಪೈಪು ಒಡೆದಾಗ, ವಾಲ್ವು ಸೋರಿದಾಗ, ಪಂಪು ಕೆಟ್ಟಾಗ ಉಳಿಯುವವರು ಊರಿನವರು. ನೀರುಗಂಟಿಯೊಬ್ಬರ ಮೇಲೆಯೇ ಎಲ್ಲ ಭಾರ ಹಾಕದೆ, ತರಬೇತಿ ಪಡೆದ ಇಬ್ಬರು ಪ್ಲಂಬರ್‌ಗಳು ಮತ್ತು ಒಬ್ಬ ಎಲೆಕ್ಟ್ರಿಷಿಯನ್ ಊರಿನಲ್ಲಿಯೇ ಇರುವಂತೆ ನೋಡಿಕೊಂಡರೆ ಜನರಿಗೆ ನೀರೂ ನಿಲ್ಲದು, ಮೂವರಿಗೆ ದುಡಿಮೆಯೂ ದೊರೆಯುತ್ತದೆ. ಬೀದಿದೀಪಗಳು, ಸೌರ ಪಂಪ್‌ಸೆಟ್‌ಗಳು, ಮನೆಯ ಮೇಲಿನ ಸೌರ ಫಲಕಗಳು, ಕೃಷಿ ಯಂತ್ರಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಇದೇ ಮಾತು ಅವುಗಳಿಗೂ ಅನ್ವಯಿಸುತ್ತದೆ.

ಮೂರನೆಯದಾಗಿ, ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಗಿದ ಕೂಡಲೇ, ಫಲಿತಾಂಶ ಬರುವ ಮೊದಲೇ, ಹತ್ತನೆಯ ತರಗತಿಯ ಮಕ್ಕಳನ್ನು ಪೋಷಕರೊಂದಿಗೆ ಸಮೀಪದ ಐಟಿಐಗೆ ಒಂದು ದಿನದ ಭೇಟಿಗೆ ಕರೆದೊಯ್ಯಬೇಕು. ಅನುತ್ತೀರ್ಣನಾದ ಮೇಲೆ ನೀಡುವ ಸಲಹೆ ಶಿಕ್ಷೆಯಂತೆ ಕೇಳಿಸುತ್ತದೆ. ಮೊದಲೇ ತೋರಿಸಿದ ದಾರಿ ಆಯ್ಕೆಯಾಗಿ ಕಾಣುತ್ತದೆ.

ನಾಲ್ಕನೆಯದಾಗಿ, ಗ್ರಾಮ ಪಂಚಾಯತಿಯ ಅರಿವು ಕೇಂದ್ರಗಳಲ್ಲಿ ಐಟಿಐ ಪ್ರವೇಶ, ಅಪ್ರೆಂಟಿಸ್‌ಶಿಪ್ ನೋಂದಣಿ ಮತ್ತು ಸ್ವ ಉದ್ಯೋಗ ತರಬೇತಿಯ ಅರ್ಜಿ ಸಲ್ಲಿಸಲು ನೆರವು ಸಿಗಬೇಕು. ಅರ್ಜಿಗಳೆಲ್ಲವೂ ಅಂತರ್ಜಾಲದ ಮೂಲಕವೇ ಆಗಿರುವುದರಿಂದ, ಒಂದು ತಪ್ಪು ದಾಖಲೆ ಅಥವಾ ಆಧಾರ್‌ನಲ್ಲಿ ಬೇರೆಯಾಗಿರುವ ಒಂದು ಅಕ್ಷರದಿಂದ ಮಗುವಿನ ಒಂದು ವರ್ಷ ವ್ಯರ್ಥವಾಗುವುದುಂಟು.

ಐದನೆಯದಾಗಿ, ತರಬೇತಿಗೆ ಕಳುಹಿಸಿದವರ ಸಂಖ್ಯೆಯನ್ನು ವರದಿಯಲ್ಲಿ ತೋರಿಸಿ ಸುಮ್ಮನಾಗಬಾರದು. ಒಂದು ವರ್ಷದ ನಂತರ ಅವರಲ್ಲಿ ಎಷ್ಟು ಮಂದಿ ಅದೇ ಕಸುಬಿನಲ್ಲಿ ಇದ್ದಾರೆ ಎಂಬುದನ್ನು ಗ್ರಾಮಸಭೆಯ ಮುಂದೆ ಓದಿ ಹೇಳಬೇಕು. ಬಿಟ್ಟವರು ಏಕೆ ಬಿಟ್ಟರೆಂಬುದನ್ನು ಅವರಿಂದಲೇ ಕೇಳಿ ದಾಖಲಿಸಬೇಕು. ಆ ದಾಖಲೆಯಿಂದ ದೊರೆಯುವ ಪಾಠವು ಮುಂದಿನ ವರ್ಷದ ಯೋಜನೆಗೆ ಆಧಾರವಾಗುತ್ತದೆ.

ಮಾನ್ಯರೇ, ಈ ಐದು ಕಾರ್ಯಗಳಿಗೆ ಬೇಕಾದ ಹಣ ಅಲ್ಪ. ಬೇಕಾದುದು ಗಮನ ಮತ್ತು ನಿರಂತರತೆ. ಹತ್ತನೆಯ ತರಗತಿಯ ನಂತರದ ಮೂರು ನಾಲ್ಕು ವರ್ಷಗಳು ಒಬ್ಬ ವ್ಯಕ್ತಿಯ ಕೈ ಪಳಗುವ ವರ್ಷಗಳು. ಆ ವರ್ಷಗಳು ಕಟ್ಟೆಯ ಮೇಲೆ ಕಳೆದುಹೋದರೆ ಮುಂದೆ ಯಾವ ಯೋಜನೆಯೂ ಅವುಗಳನ್ನು ಮರಳಿ ಕೊಡಲಾರದು. ಮುಂದಿನ ಗ್ರಾಮಸಭೆಗೆ ಮುನ್ನ ಪ್ರತಿಯೊಂದು ಪಂಚಾಯತಿಯು ಮೊದಲ ವಹಿಯನ್ನು ತೆರೆದು, ಅದರಲ್ಲಿ ಕನಿಷ್ಠ ತನ್ನ ಒಂದು ಗ್ರಾಮದ ಯುವಜನರ ಹೆಸರುಗಳನ್ನಾದರೂ ಬರೆಯಲಿ. ಹೆಸರು ಬರೆದ ಮೇಲೆ ಆ ಹೆಸರಿನ ಮುಂದಿನ ಅಂಕಣವನ್ನು ಖಾಲಿ ಬಿಡಲು ಯಾವ ಹೊಣೆಯುಳ್ಳ ಪಂಚಾಯತಿಗೂ ಮನಸ್ಸು ಬಾರದು.